ಕ್ಯಾಮೆರಾ ಹಿಡಿದವರೇ ಮಾತನಾಡಬೇಕಾದಾಗ: ಒಂದು ಜಿಲ್ಲಾ ಬ್ಯೂರೊದ ಪ್ರಕರಣ

ಟಿ.ವಿ. ಸುದ್ದಿಯ ಖರ್ಚು ತಗ್ಗಿಸಬೇಕೆಂಬ ಮಾತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಜಿಲ್ಲೆಗಳಲ್ಲಿರುವ ತಂಡಗಳ ಮೇಲೆ. ಸ್ಟುಡಿಯೊದ ಗೋಡೆಯಗಲದ ಎಲ್‌ಇಡಿ ಪರದೆಯ ತಂಟೆಗೆ ಯಾರೂ ಹೋಗುವುದಿಲ್ಲ. ಕನ್ನಡದ ಒಂದು ಸುದ್ದಿ ವಾಹಿನಿ 2019ರಲ್ಲಿ ತನ್ನ ಕೆಲವು ಜಿಲ್ಲಾ ಬ್ಯೂರೊಗಳಲ್ಲಿ ಮೂವರ ತಂಡವನ್ನು ತೆಗೆದು, ಒಬ್ಬರೇ ವರದಿ ಮಾಡಿ, ಒಬ್ಬರೇ ಚಿತ್ರೀಕರಿಸಿ, ಒಬ್ಬರೇ ಎಡಿಟ್ ಮಾಡಿ ಕಳುಹಿಸುವ ವ್ಯವಸ್ಥೆಯನ್ನು ತಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೃಷ್ಣಾ ಕಣಿವೆಗೆ ಪ್ರವಾಹ ಬಂತು. ಆ ಬ್ಯೂರೊಗಳಲ್ಲಿ ಒಂದರ ಕಥೆ ಇಲ್ಲಿದೆ. ವಾಹಿನಿ, ಜಿಲ್ಲೆ, ಊರು, ವ್ಯಕ್ತಿಗಳ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳ ಸರಣಿಯನ್ನು ಬದಲಿಸಿಲ್ಲ, ಏಕೆಂದರೆ ನೋಡಬೇಕಾದದ್ದು ಅದನ್ನೇ.

ಮೂವರು ಏಕಿದ್ದರು

ಸುದ್ದಿಗೆ ತಂಡವಾಗಿ ಹೋಗುವ ಪದ್ಧತಿ ಯಾರದೋ ದುಂದುಗಾರಿಕೆಯಿಂದ ಹುಟ್ಟಿದ್ದಲ್ಲ. ಯು-ಮ್ಯಾಟಿಕ್ ಎಂಬ ವಿಡಿಯೊ ಟೇಪಿನ ಕಾಲದಲ್ಲಿ ಕ್ಯಾಮೆರಾ ಒಂದು ಪೆಟ್ಟಿಗೆ, ರೆಕಾರ್ಡರ್ ಇನ್ನೊಂದು. ಎರಡರ ನಡುವೆ ಕೇಬಲ್ ಇರುತ್ತಿದ್ದುದರಿಂದ ಕ್ಯಾಮೆರಾಮನ್ ಓಡಿದರೆ ರೆಕಾರ್ಡರ್ ಹೊತ್ತವನೂ ಜೊತೆಗೆ ಓಡಲೇಬೇಕಿತ್ತು. 1982ರಲ್ಲಿ ಬಂದ ಬೀಟಾಕ್ಯಾಮ್ ಎರಡನ್ನೂ ಒಂದೇ ಹೆಗಲಿಗೆ ತಂದಿತು. 1995ರಲ್ಲಿ ಸೋನಿಯ ವಿಎಕ್ಸ್1000, 2000ದಲ್ಲಿ ಪಿಡಿ150 ಬಂದ ಮೇಲೆ ಪ್ರಸಾರಕ್ಕೆ ಸಲ್ಲುವ ಚಿತ್ರವನ್ನು ಕೈಯಲ್ಲೇ ಹಿಡಿಯಬಹುದಾದ ಯಂತ್ರವೇ ಕೊಡತೊಡಗಿತು. ನ್ಯೂಯಾರ್ಕಿನ ಎನ್‌ವೈ1 ವಾಹಿನಿ 1992ರಲ್ಲಿ ಶುರುವಾದಾಗಲೇ ವರದಿಗಾರರ ಕೈಗೆ ಹೈ-8 ಕ್ಯಾಮೆರಾ ಕೊಟ್ಟು ಒಬ್ಬೊಬ್ಬರನ್ನೇ ನಗರಕ್ಕೆ ಅಟ್ಟಿತ್ತು. ಬಿಬಿಸಿ 2001ರಿಂದಾಚೆಗೆ ತನ್ನ ಪ್ರಾದೇಶಿಕ ಕೇಂದ್ರಗಳ ನೂರಾರು ಮಂದಿಗೆ ಇದೇ ಕೆಲಸದ ತರಬೇತಿ ಕೊಡಿಸಿತು. ಅಂದರೆ 2019ರಲ್ಲಿ ನಮ್ಮ ವಾಹಿನಿ ಮಾಡಿದ್ದು ಹೊಸ ಪ್ರಯೋಗವೇನಲ್ಲ.

ಕನ್ನಡದಲ್ಲಿ 1994ರ ಉದಯ, 2000ದ ಈಟಿವಿ, 2006ರ ಟಿವಿ9 ಇವುಗಳ ಹಾದಿಯಲ್ಲಿ ಬಂದ ವಾಹಿನಿಗಳು ಜಿಲ್ಲಾ ಕೇಂದ್ರದಲ್ಲಿ ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್, ಒಂದು ಬಾಡಿಗೆ ಕಾರು ಎಂಬ ಲೆಕ್ಕಕ್ಕೆ ಒಗ್ಗಿಕೊಂಡವು. ತಾಲ್ಲೂಕುಗಳಲ್ಲಿ ಸುದ್ದಿಗಿಷ್ಟು ಎಂದು ಹಣ ಪಡೆಯುವ ಸ್ಟ್ರಿಂಗರ್‌ಗಳು. ಅವರು ಮೊದಲಿನಿಂದಲೂ ಒಬ್ಬಂಟಿಗಳೇ. ಅವರ ಕಷ್ಟ ಯಾವ ತರಬೇತಿಯ ಪಠ್ಯಕ್ಕೂ ಸೇರಲಿಲ್ಲ ಎಂಬುದು ಬೇರೆ ಮಾತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಲೈವ್‌ಗೆ ಉಪಗ್ರಹ ಸಂಪರ್ಕದ ಒಬಿ ವ್ಯಾನೂ ಕಡ್ಡಾಯವಾಗಿ ಉಳಿಯಲಿಲ್ಲ. ಹಲವು ಸಿಮ್‌ಗಳನ್ನು ಒಟ್ಟಿಗೆ ದುಡಿಸುವ ಬ್ಯಾಕ್‌ಪ್ಯಾಕ್ ಸಾಕು, ಅದೂ ಇಲ್ಲದಿದ್ದರೆ ಮೊಬೈಲ್ ಸಾಕು ಎಂಬಲ್ಲಿಗೆ ಬಂದು ಮುಟ್ಟಿತು.

ನಮ್ಮ ಪ್ರಕರಣದ ಬ್ಯೂರೊದಲ್ಲಿದ್ದವರು ಮೂವರು. ವರದಿಗಾರ್ತಿಗೆ ಜಿಲ್ಲೆಯ ರಾಜಕೀಯವೂ ಕಬ್ಬಿನ ಲೆಕ್ಕವೂ ಬಾಯಿಪಾಠ. ಕ್ಯಾಮೆರಾಮನ್ ಮದುವೆ ವಿಡಿಯೊಗಳಿಂದ ಶುರುಮಾಡಿ ಸುದ್ದಿಗೆ ಬಂದವರು, ಆ ಭಾಗದ ಎಲ್ಲ ವಾಹಿನಿಯವರಿಗೂ ಹಿರಿಯಣ್ಣ. ಕಾರಿನ ಮಾಲೀಕರೂ ಚಾಲಕರೂ ಆದ ಇನ್ನೊಬ್ಬರನ್ನು ಇಬ್ಬರೂ ‘ಕಾಕಾ’ ಎಂದೇ ಕರೆಯುತ್ತಿದ್ದರು. ಈ ಮೂವರ ಕೆಲಸ ಹೇಗೆ ಹಂಚಿಹೋಗಿತ್ತು ಎಂಬುದಕ್ಕೆ ಒಂದು ಘಟನೆ ಸಾಕು. ಕಬ್ಬಿನ ಬಾಕಿಗಾಗಿ ರೈತರು ಜಿಲ್ಲಾಧಿಕಾರಿ ಕಚೇರಿಗೆ ಮುತ್ತಿಗೆ ಹಾಕಿದ ದಿನ ವರದಿಗಾರ್ತಿ ಮುಂಬಾಗಿಲಿನ ಮೆಟ್ಟಿಲ ಮೇಲೆ ರೈತ ಮುಖಂಡರ ಬೈಟ್, ಅಂದರೆ ಕ್ಯಾಮೆರಾ ಮುಂದಿನ ಹೇಳಿಕೆ, ಪಡೆಯುತ್ತಿದ್ದರು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ ಫ್ರೇಮ್ ಕಟ್ಟಿಟ್ಟಿದ್ದ ಕ್ಯಾಮೆರಾಮನ್ ಕಣ್ಣು ಮಾತ್ರ ಸುತ್ತ ಓಡಾಡುತ್ತಿತ್ತು. ಒಳಗೆ ಸಭೆಗೆ ಬಂದಿದ್ದ ಕಾರ್ಖಾನೆಯವರ ಕಾರು ಹಿಂದಿನ ಗೇಟಿನ ಕಡೆ ತಿರುಗಿದ್ದನ್ನು ಅವರು ಕಂಡರು. ಬೈಟ್ ಮುಗಿಯುವುದನ್ನೂ ಕಾಯದೆ ಕ್ಯಾಮೆರಾ ಕಿತ್ತುಕೊಂಡು ಓಡಿದರು. ಅಂದಿನ ಸುದ್ದಿಯಾದದ್ದು ಮುಖಂಡರ ಮಾತಲ್ಲ, ಹಿಂಬಾಗಿಲಿನಿಂದ ಹೊರಟ ಆ ಕಾರು. ಇಬ್ಬರಿದ್ದರೆ ಒಬ್ಬರು ಮಾತಿನಲ್ಲಿ ಮುಳುಗಿರುವಾಗ ಇನ್ನೊಬ್ಬರು ಸುತ್ತ ನೋಡುತ್ತಿರುತ್ತಾರೆ. ಹೀಗೆ ನೋಡುವುದಕ್ಕೆ ಸಂಬಳದ ಪಟ್ಟಿಯಲ್ಲಿ ಪ್ರತ್ಯೇಕ ಕಾಲಂ ಇರುವುದಿಲ್ಲ.

ಲೆಕ್ಕ ತಾಳೆಯಾದಂತೆ ಕಂಡ ತಿಂಗಳುಗಳು

ಲೋಕಸಭಾ ಚುನಾವಣೆ ಮುಗಿದು ಜಾಹೀರಾತು ಇಳಿದ ಹೊತ್ತಿಗೆ ಆಡಳಿತ ಮಂಡಳಿ ತೀರ್ಮಾನ ಮಾಡಿತು. ಕಾರಿನ ಬಾಡಿಗೆ ನಿಂತಿತು. ಕ್ಯಾಮೆರಾಮನ್‌ಗೆ ಬೆಂಗಳೂರಿಗೆ ವರ್ಗ ಅಥವಾ ರಾಜೀನಾಮೆ ಎಂಬ ಆಯ್ಕೆ. ಮಕ್ಕಳ ಶಾಲೆ, ಊರಿನ ಜಮೀನು ಬಿಟ್ಟು ಬರಲಾಗದೆ ಅವರು ರಾಜೀನಾಮೆ ಕೊಟ್ಟರು. ವರದಿಗಾರ್ತಿಗೆ ಸಣ್ಣದೊಂದು ಕ್ಯಾಮೆರಾ, ಕಾಲರ್ ಮೈಕ್, ಹಗುರ ಟ್ರೈಪಾಡ್, ಎಡಿಟಿಂಗಿಗೆ ಲ್ಯಾಪ್‌ಟಾಪ್, ಸ್ಕೂಟರಿನ ಪೆಟ್ರೋಲಿಗೆ ಭತ್ಯೆ ಸಿಕ್ಕವು. ಬೆಂಗಳೂರಿನಲ್ಲಿ ಚುಟುಕು ತರಬೇತಿಯೂ ಆಯಿತು. ಅಲ್ಲಿ ಎನ್‌ವೈ1 ಮತ್ತು ಬಿಬಿಸಿಯ ಉದಾಹರಣೆಗಳನ್ನು ಚೆನ್ನಾಗಿಯೇ ತೋರಿಸಿದರಂತೆ.

ಆದರೆ ಆ ಉದಾಹರಣೆಗಳ ಒಂದು ಮುಖ್ಯ ಭಾಗವನ್ನು ಕೈಬಿಟ್ಟಿದ್ದರು. ಒಬ್ಬರೇ ಎಲ್ಲವನ್ನೂ ಮಾಡುವ ಪದ್ಧತಿಯನ್ನು ಹೊರಗೆ ಪ್ರಚಾರ ಮಾಡಿದವರ ವಾದ ಬಹಳ ಸರಳ: ಅಷ್ಟೇ ಹಣದಲ್ಲಿ ಹೆಚ್ಚು ಕ್ಯಾಮೆರಾಗಳು ಬೀದಿಗಿಳಿಯಲಿ, ಆಗ ಒಂದೊಂದು ಸುದ್ದಿಗೂ ಹೆಚ್ಚು ಸಮಯ ಸಿಗುತ್ತದೆ. ನಮ್ಮಲ್ಲಿ ಅದು ಅಷ್ಟೇ ಸುದ್ದಿ, ಅಷ್ಟೇ ಸಮಯ, ಕಡಿಮೆ ಜನ ಎಂದು ಇಳಿದು ಬಂತು. ಈ ಪ್ರಕರಣದ ಬೇರು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಸುದ್ದಿ ಕೆಟ್ಟದ್ದು ಕ್ಯಾಮೆರಾ ಚಿಕ್ಕದಾದ್ದರಿಂದ ಅಲ್ಲ.

ಮೊದಲ ವಾರಗಳಲ್ಲಿ ಎಲ್ಲವೂ ಸುಸೂತ್ರ. ಪತ್ರಿಕಾಗೋಷ್ಠಿ, ಪ್ರತಿಭಟನೆ, ಮನವಿ ಸಲ್ಲಿಕೆ, ಅಧಿಕಾರಿಗಳ ಬೈಟ್ ಇವೆಲ್ಲ ಎಂದಿನಂತೆ ಬಂದವು. ತಿಂಗಳ ಕೊನೆಗೆ ಬ್ಯೂರೊದಿಂದ ಬಂದ ಸುದ್ದಿಗಳ ಸಂಖ್ಯೆ ಇಳಿದಿಲ್ಲ, ಖರ್ಚು ಇಳಿದಿದೆ ಎಂಬ ಟಿಪ್ಪಣಿ ಮೇಲಕ್ಕೆ ಹೋಯಿತು. ಆ ಟಿಪ್ಪಣಿ ಸುಳ್ಳಲ್ಲ. ಆದರೆ ಜಿಲ್ಲಾ ಕೇಂದ್ರಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುವ ಒಂದು ಸಂಗತಿ ಅದರಲ್ಲಿ ಇರಲಿಲ್ಲ. ಅಲ್ಲಿ ಕ್ಯಾಮೆರಾಮನ್‌ಗಳು ವಿಷುವಲ್ಸ್, ಅಂದರೆ ಚಿತ್ರೀಕರಿಸಿದ ದೃಶ್ಯಗಳನ್ನು, ಹಂಚಿಕೊಳ್ಳುತ್ತಾರೆ. ಒಬ್ಬರು ತಡವಾಗಿ ಬಂದರೆ ಇನ್ನೊಬ್ಬರು ಕಾರ್ಡ್ ಕೊಡುತ್ತಾರೆ, ಇಲ್ಲವೇ ವಾಟ್ಸ್‌ಆ್ಯಪ್ ಗುಂಪಿಗೆ ತುಣುಕು ಹಾಕುತ್ತಾರೆ. ವರದಿಗಾರ್ತಿ ಪ್ರಶ್ನೆ ಕೇಳುತ್ತಿರುವಾಗ ಅವರ ಕ್ಯಾಮೆರಾದ ಫೋಕಸ್ ಸರಿಪಡಿಸಿದ್ದು ಪಕ್ಕದ ವಾಹಿನಿಯ ಹುಡುಗ. ಜನಜಂಗುಳಿಯ ಶಾಟ್ ಕೊಟ್ಟಿದ್ದು ಮತ್ತೊಬ್ಬರು. ವಾಹಿನಿಗೆ ಉಳಿತಾಯವೆಂದು ಕಂಡ ಹಣದಲ್ಲಿ ಒಂದು ಪಾಲು ಬೇರೆ ವಾಹಿನಿಗಳ ತಂಡಗಳು ಅರಿವಿಲ್ಲದೆ ಭರಿಸುತ್ತಿದ್ದ ಖರ್ಚು. ಎಲ್ಲ ವಾಹಿನಿಗಳೂ ಹೀಗೇ ಉಳಿಸಲು ಹೊರಟಿದ್ದರೆ ಹಂಚಿಕೊಳ್ಳಲು ಯಾರ ಬಳಿಯೂ ಏನೂ ಇರುತ್ತಿರಲಿಲ್ಲ.

ಜುಲೈ ಹೊತ್ತಿಗೆ ಸಣ್ಣ ಬಿರುಕುಗಳು ಕಾಣಿಸಿದವು. ನೀರಾವರಿ ಅಧಿಕಾರಿಯೊಬ್ಬರು ಕಾಲುವೆ ದಂಡೆಯ ಮೇಲೆ ನಿಂತು ಒಂದು ಮಹತ್ವದ ಮಾತು ಹೇಳಿದರು. ಸಂಜೆ ಎಡಿಟಿಂಗಿಗೆ ಕೂತಾಗ ಕೇಳಿದ್ದು ಬರೀ ಗಾಳಿ. ಕಾಲರ್ ಮೈಕಿನ ಪಿನ್ ಸಡಿಲಾಗಿತ್ತು, ಕ್ಯಾಮೆರಾದ ಮೈಕಷ್ಟೇ ರೆಕಾರ್ಡ್ ಆಗಿತ್ತು. ಹೆಡ್‌ಫೋನ್ ಹಾಕಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಕಿವಿಗೆ ಹೆಡ್‌ಫೋನ್ ಹಾಕಿ, ಕಣ್ಣನ್ನು ವ್ಯೂಫೈಂಡರ್‌ಗೆ ಕೊಟ್ಟು, ಎದುರಿನ ಅಧಿಕಾರಿ ನುಣುಚಿಕೊಳ್ಳದಂತೆ ಮರುಪ್ರಶ್ನೆ ಹಾಕುವುದು ಹೇಳುವಷ್ಟು ಸುಲಭವಲ್ಲ. ವರದಿಗಾರ್ತಿಯ ಆ ತಿಂಗಳುಗಳ ಬೈಟ್‌ಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮರುಪ್ರಶ್ನೆಗಳು ಕಡಿಮೆಯಾಗಿವೆ. ಮೊದಲ ಉತ್ತರ ಬಂದ ಕೂಡಲೇ ‘ಥ್ಯಾಂಕ್ಯೂ ಸರ್’ ಎಂದು ಮುಗಿದಿದೆ. ಚಿತ್ರ ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ. ಬಡವಾದದ್ದು ಪತ್ರಿಕೋದ್ಯಮ. ಈ ವಿಚಾರದಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತಾರೆ.

ಆಗಸ್ಟ್

ಆಗಸ್ಟ್ ಮೊದಲ ವಾರದಲ್ಲಿ ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆ ಕೊಯ್ನಾದಿಂದ ಕೃಷ್ಣೆಗೆ ಬಂತು. ಇತ್ತ ಘಟಪ್ರಭೆ, ಮಲಪ್ರಭೆಯೂ ದಂಡೆ ಮೀರಿದವು. ಆಲಮಟ್ಟಿಯಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ದಾಟಿತು. ಬೆಳಗಾವಿ, ಬಾಗಲಕೋಟೆ ಸೀಮೆಯ ಬ್ರಿಜ್ ಕಂ ಬಾಂದಾರಗಳು (ಮೇಲೆ ರಸ್ತೆಯಿರುವ ಕಿರು ಅಣೆಕಟ್ಟುಗಳು) ಒಂದೊಂದಾಗಿ ಮುಳುಗಿದವು. ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿತು. ರಾಜ್ಯದಲ್ಲಿ ಆಗ ಸಂಪುಟವೇ ಇರಲಿಲ್ಲ. ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ್ದ ಯಡಿಯೂರಪ್ಪ ಅವರು ಆಗಸ್ಟ್ 20ರವರೆಗೆ ಒಬ್ಬರೇ ಸರ್ಕಾರ ನಡೆಸಿದರು. ಉಸ್ತುವಾರಿ ಸಚಿವರಿಲ್ಲದ ಜಿಲ್ಲೆಗಳಲ್ಲಿ ಪ್ರವಾಹ ಎಂದರೆ ಸುದ್ದಿಮನೆಗೆ ನೀರಿನ ಕಥೆಯೂ ಹೌದು, ರಾಜಕೀಯದ ಕಥೆಯೂ ಹೌದು. ಹೀಗಾಗಿ ಎಲ್ಲ ವಾಹಿನಿಗಳಿಗೂ ಬೆಳಗಿನಿಂದ ರಾತ್ರಿವರೆಗೆ ಜಾಗದಿಂದಲೇ ಲೈವ್ ಬೇಕಿತ್ತು.

ವರದಿಗಾರ್ತಿ ಸ್ಕೂಟರಿನಲ್ಲಿ ನದಿ ಪಕ್ಕದ ಒಂದು ಊರಿನ ಹೊರವಲಯ ತಲುಪಿದರು. ಬಾಂದಾರದ ಕೂಡುರಸ್ತೆ ಅರ್ಧ ಮುಳುಗಿತ್ತು. ಅಲ್ಲಿಂದ ಮೊಬೈಲ್‌ನಲ್ಲಿ ಮೊದಲ ಲೈವ್ ಕೊಟ್ಟರು, ಚೆನ್ನಾಗಿ ಬಂತು. ಅರ್ಧ ಗಂಟೆಗೊಮ್ಮೆ ಬೇಕೆಂದು ಬೆಂಗಳೂರಿನ ಸುದ್ದಿಮನೆಯ ಡೆಸ್ಕ್ ಹೇಳಿತು. ಪ್ರತಿ ಲೈವ್‌ಗೂ ಮೊದಲು ಲೈನ್ ಪರೀಕ್ಷೆ, ಪಿಸಿಆರ್ (ಪ್ರಸಾರ ನಿಯಂತ್ರಣ ಕೊಠಡಿ) ಜೊತೆ ಮಾತು, ಕಾಯುವುದು, ಮುಗಿದ ಮೇಲೆ ಮುಂದಿನದರ ಸೂಚನೆ. ನಡುವೆ ಉಳಿದ ಸಮಯದಲ್ಲಿ ಬ್ಯಾಟರಿ ಚಾರ್ಜ್ ಮಾಡಬೇಕು, ಲೆನ್ಸಿನ ಮೇಲಿನ ಹನಿ ಒರೆಸಬೇಕು, ತಹಶೀಲ್ದಾರರಿಗೆ ಫೋನ್ ಮಾಡಬೇಕು, ಕ್ಯಾಮೆರಾ ತೆಗೆದು ಊರೊಳಗಿನ ದೃಶ್ಯ ಸೆರೆಹಿಡಿಯಬೇಕು. ಕೊನೆಯದಕ್ಕೆ ಸಮಯ ಬರಲೇ ಇಲ್ಲ.

ಕಾಕಾ ಏನು ಮಾಡುತ್ತಿದ್ದರು ಎಂಬುದು ಆವತ್ತು ಎಲ್ಲರಿಗೂ ಅರ್ಥವಾಯಿತು. ಕಾರಿನ ಇನ್ವರ್ಟರ್‌ನಲ್ಲಿ ಬ್ಯಾಟರಿ ಚಾರ್ಜಿಗೆ ಹಾಕುವವರು ಅವರು. ಛತ್ರಿ ಹಿಡಿಯುವವರು ಅವರು. ಯಾವ ರಸ್ತೆ ಮುಂದೆ ಮುಚ್ಚಿಹೋಗುತ್ತದೆ ಎಂದು ಟೀ ಅಂಗಡಿಯಲ್ಲಿ ಕೇಳಿಕೊಂಡು ಬಂದು, ಕಾರನ್ನು ದಿಬ್ಬದ ಮೇಲೆ ಮೂತಿ ತಿರುಗಿಸಿ ನಿಲ್ಲಿಸುವವರೂ ಅವರೇ. ಬೆಂಗಳೂರಿನ ಪಟ್ಟಿಯಲ್ಲಿ ಅವರು ‘ವಾಹನ ಬಾಡಿಗೆ’ ಎಂಬ ಒಂದು ಸಾಲು.

ಮಧ್ಯಾಹ್ನದ ಲೈವ್‌ನಲ್ಲಿ ವರದಿಗಾರ್ತಿ ಹೊಳೆಗೆ ಬೆನ್ನು ಕೊಟ್ಟು ನಿಂತಿದ್ದರು. ಮೊಬೈಲ್ ಟ್ರೈಪಾಡ್ ಮೇಲಿತ್ತು, ಕಿವಿಯಲ್ಲಿ ನಿರೂಪಕರ ಪ್ರಶ್ನೆ. ಹಿಂದಿದ್ದ ಮೈಲಿಗಲ್ಲು ಮೊದಲ ಲೈವ್‌ನಲ್ಲಿ ಪೂರ್ತಿ ಕಾಣುತ್ತಿತ್ತು, ಈ ಲೈವ್‌ನಲ್ಲಿ ಅದರ ಹಳದಿ ತಲೆ ಮಾತ್ರ ಕಾಣುತ್ತದೆ. ವಾಹಿನಿಯ ಕಡತದಲ್ಲಿರುವ ಎರಡೂ ತುಣುಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಸ್ಟುಡಿಯೊದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ, ಗಮನಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಊರಿನ ಹಿರಿಯರೊಬ್ಬರು ನೇರ ಪ್ರಸಾರದ ನಡುವೆಯೇ ಫ್ರೇಮಿನೊಳಗೆ ಬಂದು, ‘ತಂಗೀ, ಹಿಂದೆ ನೀರು ಏರುತ್ತಿದೆ, ಈಚೆ ಬಾ’ ಎಂದು ತೋಳು ಹಿಡಿದು ಎಳೆದರು. ನಿರೂಪಕರು ‘ಅಲ್ಲಿನ ಪರಿಸ್ಥಿತಿ ಹೇಗಿದೆ ನೋಡಿ’ ಎಂದು ಅದನ್ನೂ ಸುದ್ದಿಯಾಗಿಸಿದರು.

ಈಚೆ ಬಂದ ವರದಿಗಾರ್ತಿ ಅಸೈನ್‌ಮೆಂಟ್ ಡೆಸ್ಕಿಗೆ ಕರೆ ಮಾಡಿ, ‘ಲೈವ್ ಬೇಕೋ, ವಿಷುವಲ್ಸ್ ಬೇಕೋ, ಒಂದನ್ನು ಹೇಳಿ’ ಎಂದರು. ಪ್ರಕರಣದ ಮೊದಲ ನಿಜವಾದ ತಿರುವು ಇದು. ಒಬ್ಬರೇ ಮಾಡುವ ಕೆಲಸದಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕೆಂಬ ಮಾತು ಅಲ್ಲಿಯವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಡೆಸ್ಕ್ ಲೈವ್ ಎಂದಿತು. ಆ ಉತ್ತರವನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಪಕ್ಕದ ವಾಹಿನಿಗಳೆಲ್ಲ ಲೈವ್‌ನಲ್ಲಿರುವಾಗ ಡೆಸ್ಕಿನಲ್ಲಿ ಕೂತವರು ಬೇರೆ ಉತ್ತರ ಕೊಡುವುದು ಕಷ್ಟ. ತಪ್ಪಿದ್ದದ್ದು ಆ ಪ್ರಶ್ನೆ ಹುಟ್ಟುವಂಥ ಸ್ಥಿತಿಗೆ ತಂದಿಟ್ಟ ಮೇ ತಿಂಗಳ ತೀರ್ಮಾನದಲ್ಲಿ.

ಸಂಜೆಯ ಹೊತ್ತಿಗೆ ಪ್ರತಿಸ್ಪರ್ಧಿ ವಾಹಿನಿಯ ಇಬ್ಬರು ಎನ್‌ಡಿಆರ್‌ಎಫ್ ದೋಣಿಯಲ್ಲಿ ಊರೊಳಗೆ ಹೋಗಿ, ಮಾಳಿಗೆ ಮೇಲೆ ಕೂತವರ ದೃಶ್ಯ ತಂದಿದ್ದರು. ನಮ್ಮ ವಾಹಿನಿಯ ಬಳಿ ಇದ್ದದ್ದು ವರದಿಗಾರ್ತಿಯ ಮುಖ, ಅದೂ ಒಂದೇ ರಸ್ತೆಯ ಮೇಲೆ. ಬುಲೆಟಿನ್ ತುಂಬಲು ಡೆಸ್ಕ್ ವೀಕ್ಷಕರು ಕಳುಹಿಸಿದ ಮೊಬೈಲ್ ವಿಡಿಯೊಗಳಿಗೆ ಕೈ ಹಾಕಿತು. ಸೇತುವೆ ಕೊಚ್ಚಿಹೋಗುವ ಒಂದು ತುಣುಕು ನಮ್ಮ ಜಿಲ್ಲೆಯದೇ ಎಂದು ಪ್ರಸಾರವಾಯಿತು. ಅದು ಬೇರೆ ರಾಜ್ಯದ ಹಳೆಯ ವಿಡಿಯೊ. ಡೆಸ್ಕಿನವರು ವರದಿಗಾರ್ತಿಯನ್ನು ಕೇಳಲು ಪ್ರಯತ್ನಿಸದೇ ಇರಲಿಲ್ಲ. ಅವರು ಅದೇ ಹೊತ್ತಿನಲ್ಲಿ, ಅದೇ ಮೊಬೈಲ್‌ನಲ್ಲಿ ಲೈವ್ ಕೊಡುತ್ತಿದ್ದರು. ‘ಇದು ನಮ್ಮ ಸೇತುವೆ ಅಲ್ಲ’ ಎಂದು ಒಂದೇ ನೋಟಕ್ಕೆ ಹೇಳಬಲ್ಲ ಕ್ಯಾಮೆರಾಮನ್ ತಮ್ಮ ಮನೆಯಲ್ಲಿ ಕೂತು ಟಿ.ವಿ. ನೋಡುತ್ತಿದ್ದರು. ಡೆಸ್ಕಿಗೆ ಕರೆ ಮಾಡಿ ತಿಳಿಸಿದ್ದೂ ಅವರೇ. ಅಷ್ಟರಲ್ಲಿ ತುಣುಕು ಹಲವು ಸಲ ಓಡಿತ್ತು.

ಮಾಡಿ ನೋಡಿದ್ದು

ಮರುದಿನ ಬೆಳಿಗ್ಗೆ ಪಕ್ಕದ ಜಿಲ್ಲೆಯ ತಂಡವನ್ನು ಕಳುಹಿಸಲು ನೋಡಿದರು. ಅವರ ರಸ್ತೆಯೂ ಮುಚ್ಚಿತ್ತು. ಬೆಂಗಳೂರಿನಿಂದ ಹೊರಟ ಒಬಿ ವ್ಯಾನ್ ಹುಬ್ಬಳ್ಳಿ ದಾಟಿ ಸುತ್ತಿ ಬಳಸಿ ಬಂದಿತಾದರೂ ನದಿಯ ಈಚೆ ದಡದಲ್ಲೇ ನಿಂತಿತು. ಸ್ಟ್ರಿಂಗರ್ ಒಬ್ಬರಿಗೆ ಲೈವ್ ಒಪ್ಪಿಸಿ ವರದಿಗಾರ್ತಿಯನ್ನು ದೃಶ್ಯಗಳಿಗೆ ಬಿಡುವ ಏರ್ಪಾಡೂ ನಡೆಯಿತು. ಸ್ಟ್ರಿಂಗರ್‌ಗೆ ಊರಿನ ಪ್ರತಿ ಓಣಿ ಗೊತ್ತು, ಆದರೆ ನಿರೂಪಕರ ಪ್ರಶ್ನೆಗಳಿಗೆ ನೇರ ಪ್ರಸಾರದಲ್ಲಿ ಉತ್ತರಿಸಿ ಅಭ್ಯಾಸವಿಲ್ಲ. ಒಂದೆರಡು ಲೈವ್ ಆದ ಮೇಲೆ ಪ್ರಸಾರ ನೋಡಿಕೊಳ್ಳುವ ಔಟ್‌ಪುಟ್ ವಿಭಾಗದವರು ವರದಿಗಾರ್ತಿಯೇ ಬೇಕೆಂದರು.

ಫಲ ಕೊಟ್ಟ ಉಪಾಯ ವರದಿಗಾರ್ತಿಯದೇ. ರಾಜೀನಾಮೆ ಕೊಟ್ಟಿದ್ದ ಕ್ಯಾಮೆರಾಮನ್‌ಗೆ ದಿನದ ಬಾಡಿಗೆ ಲೆಕ್ಕದಲ್ಲಿ ಬರಲು ಹೇಳಿ ಎಂದು ಅವರು ಸುದ್ದಿ ತರಿಸುವ ಇನ್‌ಪುಟ್ ವಿಭಾಗದ ಮುಖ್ಯಸ್ಥರನ್ನು ಒಪ್ಪಿಸಿದರು. ಕ್ಯಾಮೆರಾಮನ್ ಬಂದರು, ಕಾಕಾನ ಕಾರಿನಲ್ಲೇ ಬಂದರು. ಮೊದಲು ಮಾಡಿದ ಕೆಲಸ ಬೇರೆ ವಾಹಿನಿಗಳವರಿಂದ ದೋಣಿಯಲ್ಲಿ ಒಂದು ಜಾಗ ಕೇಳಿದ್ದು. ಹಿರಿಯಣ್ಣನಿಗೆ ಇಲ್ಲವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಆ ಮಧ್ಯಾಹ್ನದಿಂದ ಬುಲೆಟಿನ್ ಮುಖ ಬದಲಾಯಿತು. ಮುಳುಗಿದ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ತೇಲುತ್ತಿದ್ದ ಅಕ್ಕಿ ಮೂಟೆಗಳು, ದನಗಳ ಕಣ್ಣಿ ಕೊಯ್ದು ಬಿಡುತ್ತಿದ್ದ ಹುಡುಗರು, ಮಗ್ಗದ ಮನೆಗಳಲ್ಲಿ ಹಾಸು ಸಮೇತ ನೀರು ಕುಡಿದು ಊದಿದ, ನೂಲು ಸುತ್ತುವ ಬೀಮುಗಳು. ಇವೆಲ್ಲ ಒಬ್ಬರು ಮಾತನಾಡುತ್ತಿದ್ದಾಗ ಇನ್ನೊಬ್ಬರು ಕಂಡದ್ದು.

ಇಷ್ಟಕ್ಕೇ ಮುಗಿದಿದ್ದರೆ ಇದು ತಂಡದ ಪರವಾಗಿ ಬರೆದ ವಕಾಲತ್ತು ಆಗುತ್ತಿತ್ತು. ಹಾಗೆ ಮುಗಿಯಲಿಲ್ಲ.

ನೀರು ಇಳಿದ ಮೇಲೆ

ನೀರು ಇಳಿದ ಕೂಡಲೇ ಕ್ಯಾಮೆರಾಮನ್, ಕಾರು ಎರಡೂ ನಿಂತವು. ದಿನದ ಬಾಡಿಗೆಗೆ ಬಂದವರನ್ನು ಸುಮ್ಮನೆ ಇಟ್ಟುಕೊಳ್ಳಲು ಆಗುವುದಿಲ್ಲ. ಇತರ ವಾಹಿನಿಗಳ ತಂಡಗಳೂ ಸಂಪುಟ ವಿಸ್ತರಣೆಯ ಕಡೆ ತಿರುಗಿದವು. ವರದಿಗಾರ್ತಿ ಮತ್ತೆ ಒಬ್ಬರೇ ಆದರು, ಆದರೆ ಈ ಸಲ ಅರ್ಧ ಗಂಟೆಗೊಮ್ಮೆ ಅವರನ್ನು ಯಾರೂ ಕೇಳುತ್ತಿರಲಿಲ್ಲ.

ಸರ್ಕಾರ ಸಂತ್ರಸ್ತ ಕುಟುಂಬಗಳಿಗೆ ತಕ್ಷಣಕ್ಕೆ 10 ಸಾವಿರ ರೂಪಾಯಿ, ಪೂರ್ತಿ ಹಾಳಾದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಲು ಎಂಜಿನಿಯರ್‌ಗಳು, ಗ್ರಾಮಲೆಕ್ಕಿಗರು ಊರೂರು ಸುತ್ತಿದರು. ಶೇ 75ಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಎ. ಸಿ ಎಂದರೆ ಸಣ್ಣ ದುರಸ್ತಿಯ ಹಣ. ಸಮಸ್ಯೆ ಇದ್ದದ್ದು ಮಣ್ಣಿನ ಗೋಡೆಯಲ್ಲಿ. ಆ ಸೀಮೆಯ ಹಳೆಯ ಮಾಳಿಗೆ ಮನೆಗಳ ಗೋಡೆ ದಪ್ಪ ಮಣ್ಣಿನದು. ನೀರಿನಲ್ಲಿ ದಿನಗಟ್ಟಲೆ ನೆನೆದರೂ ಅದು ನಿಂತೇ ಇರುತ್ತದೆ. ಬಿಸಿಲು ಬಿದ್ದು ಒಣಗತೊಡಗಿದ ಮೇಲೆ ಹೊರಮೈ ಕುಗ್ಗುತ್ತದೆ, ಒಳಗು ಹಸಿಯಾಗಿಯೇ ಇರುತ್ತದೆ, ಬಿರುಕು ಬಿಡುತ್ತದೆ, ಮೇಲಿನ ತೊಲೆಯ ಭಾರಕ್ಕೆ ವಾರಗಳ ನಂತರ ಕುಸಿಯುತ್ತದೆ. ಸಮೀಕ್ಷೆಯವರು ಬಂದ ದಿನ ನಿಂತಿದ್ದ ಗೋಡೆ ‘ಸಿ’ ಆಗಿ ದಾಖಲಾಗುತ್ತಿತ್ತು.

ವರದಿಗಾರ್ತಿಗೆ ಇದು ಗೊತ್ತಾದದ್ದು ಪರಿಹಾರ ಕೇಂದ್ರದಲ್ಲಿ ಹೆಂಗಸರ ಜೊತೆ ರೊಟ್ಟಿ ತಟ್ಟುತ್ತ ಕೂತಿದ್ದಾಗ. ಕ್ಯಾಮೆರಾ ಚೀಲದಲ್ಲೇ ಇತ್ತು. ತಂಡ ಬಂದರೆ ಆ ಹೆಂಗಸರು ಸೆರಗು ಸರಿಮಾಡಿಕೊಂಡು ‘ಏನೂ ತೊಂದರೆಯಿಲ್ಲ’ ಎನ್ನುತ್ತಾರೆ. ಒಬ್ಬ ಹೆಣ್ಣುಮಗಳು ಅಡುಗೆಮನೆಯಲ್ಲಿ ಕೂತರೆ ಮಾತು ಬೇರೆಯೇ ಆಗುತ್ತದೆ. ಅವರಲ್ಲೊಬ್ಬಾಕೆ ತನ್ನ ಮನೆ ತೋರಿಸಲು ಕರೆದೊಯ್ದಳು. ನಡುಮನೆಯ ಗೋಡೆಯಲ್ಲಿ ಕೂದಲೆಳೆಯ ಬಿರುಕು. ಆಕೆಯ ಅತ್ತೆ ಅದರ ಅಡ್ಡಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಬಿರುಕು ಅಗಲವಾದರೆ ಗೆರೆ ಒಡೆದು ಗೊತ್ತಾಗಲಿ ಎಂದು.

ಎರಡನೆಯ ತಿರುವು ಇದು. ವರದಿಗಾರ್ತಿ ಆ ದಿನ ಸುದ್ದಿ ಕಳುಹಿಸಲಿಲ್ಲ. ‘ಗೋಡೆಯಲ್ಲಿ ಬಿರುಕು’ ಎಂದರೆ ಡೆಸ್ಕಿನಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಟ್ರೈಪಾಡ್ ಇಟ್ಟ ಜಾಗದಲ್ಲಿ ನೆಲಕ್ಕೆ ಗುರುತು ಮಾಡಿ, ಬೇರೆ ಕೆಲಸಕ್ಕೆ ಆ ಕಡೆ ಹೋದಾಗಲೆಲ್ಲ ಅದೇ ಜಾಗದಿಂದ, ಅದೇ ಅಳತೆಯ ಫ್ರೇಮಿನಲ್ಲಿ ಗೋಡೆಯನ್ನು ಚಿತ್ರೀಕರಿಸುತ್ತ ಹೋದರು. ಸುಣ್ಣದ ಗೆರೆ ಎರಡು ತುಂಡಾಯಿತು. ತುಂಡುಗಳ ನಡುವೆ ಬೆರಳು ತೂರುವಷ್ಟು ಸಂದಿ ಬಿತ್ತು. ಒಂದು ದಿನ ಹೋದಾಗ ಗೋಡೆ ಇರಲಿಲ್ಲ. ಮನೆಯವರು ಎಚ್ಚರವಾಗಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ.

ಎಲ್ಲವನ್ನೂ ಜೋಡಿಸಿ, ‘ಸಿ’ ಎಂದು ಬರೆದ ಸಮೀಕ್ಷೆಯ ಹಾಳೆಯನ್ನು ಪಕ್ಕದಲ್ಲಿಟ್ಟು ಅವರು ಕಳುಹಿಸಿದ ವರದಿಗೆ ಸಂಗೀತವಿರಲಿಲ್ಲ, ಬ್ರೇಕಿಂಗ್ ಪಟ್ಟಿಯೂ ಇರಲಿಲ್ಲ. ಆ ಊರಿನ ಮನೆಗಳ ಮರುಸಮೀಕ್ಷೆಗೆ ಆದೇಶವಾಯಿತು. ಕೆಲವು ಮನೆಗಳ ವರ್ಗ ಬದಲಾಯಿತು, ಕೆಲವು ಬದಲಾಗಲಿಲ್ಲ. ಪ್ರವಾಹದ ಇಡೀ ಅವಧಿಯಲ್ಲಿ ಆ ವಾಹಿನಿಯಿಂದ ಬಂದ ಅತ್ಯುತ್ತಮ ವರದಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಯಾವ ತಂಡಕ್ಕೂ ಇದು ಸಾಧ್ಯವಾಗುತ್ತಿರಲಿಲ್ಲ. ಒಂದು ಬಿರುಕಿಗಾಗಿ ಮತ್ತೆ ಮತ್ತೆ ಕಾರು ಕಳುಹಿಸುವ ಇನ್‌ಪುಟ್ ಮುಖ್ಯಸ್ಥರನ್ನು ನಾನು ಕಂಡಿಲ್ಲ.

ಪ್ರಕರಣವನ್ನು ಹೇಗೆ ಓದಬೇಕು

ತರಗತಿಯಲ್ಲಿ ಈ ಪ್ರಕರಣ ಇಟ್ಟಾಗ ವಿದ್ಯಾರ್ಥಿಗಳು ಎರಡು ಗುಂಪಾಗುತ್ತಾರೆ. ತಂಡವೇ ಸರಿ ಎನ್ನುವವರು ಬಾಂದಾರದ ರಸ್ತೆಯನ್ನು ತೋರಿಸುತ್ತಾರೆ, ಒಬ್ಬರೇ ಸಾಕು ಎನ್ನುವವರು ಗೋಡೆಯನ್ನು. ಒಂದೇ ವರದಿಗಾರ್ತಿ, ಒಂದೇ ಕ್ಯಾಮೆರಾ, ಒಂದೇ ಊರು. ಬದಲಾದದ್ದು ಡೆಡ್‌ಲೈನ್ ಮಾತ್ರ. ಒಬ್ಬರೇ ಮಾಡುವ ಕೆಲಸ ಅಗ್ಗವೆಂದು ಆಡಳಿತ ಮಂಡಳಿ ತಿಳಿದಿತ್ತು. ಅದು ಅಗ್ಗವಲ್ಲ, ನಿಧಾನ. ಹಾಗೆ ನಿಧಾನವಾಗಿ ಮಾಡಲು ಬಿಟ್ಟಾಗ ತಂಡ ತಲುಪದ ಜಾಗಕ್ಕೂ ಅದು ತಲುಪಿತು. ತಂಡದ ವೇಗ ನಿರೀಕ್ಷಿಸಿದ ದಿನ ಸುಳ್ಳು ವಿಡಿಯೊ ಪ್ರಸಾರವಾಗುವಲ್ಲಿಗೆ, ವರದಿಗಾರ್ತಿಯ ಬೆನ್ನ ಹಿಂದೆ ಹೊಳೆ ಏರುವಲ್ಲಿಗೆ ಬಂದು ನಿಂತಿತು.

ಚಿಕಾಗೊದ ಸನ್-ಟೈಮ್ಸ್ ಪತ್ರಿಕೆ 2013ರ ಮೇ ತಿಂಗಳಲ್ಲಿ ತನ್ನ 28 ಪೂರ್ಣಾವಧಿ ಛಾಯಾಗ್ರಾಹಕರನ್ನು ಒಂದೇ ಸಲ ಮನೆಗೆ ಕಳುಹಿಸಿ, ವರದಿಗಾರರಿಗೆ ಐಫೋನ್‌ನಲ್ಲಿ ಚಿತ್ರ ತೆಗೆಯುವ ತರಬೇತಿ ಕೊಡಿಸಿದ್ದನ್ನು ಇಂಥ ಚರ್ಚೆಗಳಲ್ಲಿ ಎಲ್ಲರೂ ಎತ್ತುತ್ತಾರೆ. ಅಲ್ಲಿ ಹೋದದ್ದು ಚಿತ್ರದ ಗುಣಮಟ್ಟ ಎಂಬುದು ಸಾಮಾನ್ಯ ತಿಳಿವಳಿಕೆ. ನಮ್ಮ ಪ್ರಕರಣ ಅದಕ್ಕೆ ಇನ್ನೊಂದನ್ನು ಸೇರಿಸುತ್ತದೆ. ಎರಡನೆಯ ವ್ಯಕ್ತಿ ಹೋದಾಗ ಸ್ಥಳದಲ್ಲಿದ್ದ ಎರಡನೆಯ ಅಭಿಪ್ರಾಯವೂ ಹೋಗುತ್ತದೆ. ‘ಸಾಕು, ಇಲ್ಲಿಂದ ಹೋಗೋಣ’ ಎನ್ನುವವರಿಲ್ಲ, ‘ಇದು ನಮ್ಮ ಸೇತುವೆ ಅಲ್ಲ’ ಎನ್ನುವವರಿಲ್ಲ. ಆ ಜಾಗವನ್ನು ಬೆಂಗಳೂರಿನ ಡೆಸ್ಕ್ ತುಂಬಿಕೊಳ್ಳುತ್ತದೆ. ಅದಕ್ಕೆ ಹೊಳೆ ಕಾಣುವುದು ಮೊಬೈಲ್ ಕಳುಹಿಸಿದಷ್ಟೇ.

ಆಮೇಲೆ

ಪ್ರವಾಹದ ನಂತರ ಇನ್‌ಪುಟ್ ಮುಖ್ಯಸ್ಥರು ಒಂದು ಪುಟದ ನಿಯಮ ಬರೆದರು. ನೆರೆ, ಗಲಭೆ, ಚುನಾವಣೆಗೆ ಕನಿಷ್ಠ ಇಬ್ಬರು ಮತ್ತು ಚಾಲಕರಿರುವ ಕಾರು. ಒಬ್ಬರೇ ಹೋದಲ್ಲಿಂದ ಲೈವ್ ಕೇಳಿದರೆ ಆ ದಿನ ಬೇರೆ ದೃಶ್ಯ ಕೇಳುವಂತಿಲ್ಲ. ಸ್ಥಳದಿಂದ ಹೊರಡುವ ತೀರ್ಮಾನ ಸ್ಥಳದಲ್ಲಿರುವವರದು, ಡೆಸ್ಕಿನದಲ್ಲ. ಮೂರನೆಯ ಸಾಲು ವರದಿಗಾರ್ತಿ ಹಟ ಹಿಡಿದು ಸೇರಿಸಿದ್ದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಜಾಹೀರಾತು ಮತ್ತೆ ಕುಸಿದಾಗ ಮೊದಲ ಸಾಲನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟರು. ಆ ತಾತ್ಕಾಲಿಕಕ್ಕೆ ಕೊನೆಯ ದಿನಾಂಕವನ್ನು ಯಾರೂ ಬರೆಯಲಿಲ್ಲ.

ಕ್ಯಾಮೆರಾಮನ್ ತಾಲ್ಲೂಕು ಕೇಂದ್ರದಲ್ಲಿ ಮದುವೆ ಸ್ಟುಡಿಯೊ ಇಟ್ಟಿದ್ದಾರೆ. ದೊಡ್ಡ ಸುದ್ದಿಯಾದಾಗ ವಾಹಿನಿ ಈಗಲೂ ಅವರನ್ನೇ ಕರೆಯುತ್ತದೆ. ಮದುವೆಯ ಹಂಗಾಮಿನಲ್ಲಿ ಅವರ ದಿನದ ದರ ಎರಡು ಪಟ್ಟು, ಕಾಕಾನ ಕಾರಿನ ಬಾಡಿಗೆ ಬೇರೆ. ಆ ಬಿಲ್ಲುಗಳು ಬೆಂಗಳೂರಿಗೆ ಹೋದಾಗ ಲೆಕ್ಕಪತ್ರ ವಿಭಾಗ ಅವನ್ನು ‘ವಿಶೇಷ ವರದಿಗಾರಿಕೆ ವೆಚ್ಚ’ದ ಅಡಿ ಬರೆದುಕೊಳ್ಳುತ್ತದೆ. ಬ್ಯೂರೊದ ಖರ್ಚಿಗೆ ಅವು ಸೇರುವುದಿಲ್ಲ. ಹಾಗಾಗಿ ಪ್ರತಿ ವರ್ಷದ ಪರಿಶೀಲನಾ ಸಭೆಯಲ್ಲಿ ಹೆಚ್ಚು ಉಳಿತಾಯ ಮಾಡಿದ ಬ್ಯೂರೊಗಳ ಪಟ್ಟಿಯಲ್ಲಿ ಆ ಜಿಲ್ಲೆಯ ಹೆಸರು ಮೇಲೆಯೇ ಇರುತ್ತದೆ.